ಮತ್ತೆ ಸೈಕಲ್ ಹತ್ತುವಾಗ



ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು, ಬಾರಿನ ಕೆಳಗೆ ಕಾಲು ತೂರಿಸಿ, ಮಂಡಿ ತರಚಿಕೊಂಡು ಸೈಕಲ್ ಕಲಿತ ತಲೆಮಾರು ನಮ್ಮದು. ಆಮೇಲೆ ಕೆಲಸ, ಸಂಸಾರ, ಸ್ಕೂಟರು. ಇಪ್ಪತ್ತೈದು ವರ್ಷ ಪೆಡಲ್ ಮುಟ್ಟಿರಲಿಲ್ಲ. ಹೋದ ವರ್ಷ ಆಸೆ ಮರುಕಳಿಸಿ ಅಂಗಡಿಗೆ ಹೋದರೆ, ಹುಡುಗ ಎರಡು ಸೈಕಲ್ ಮುಂದೆ ನಿಲ್ಲಿಸಿ ಕೇಳಿದ: "ಹೈಬ್ರಿಡ್ಡಾ ಸಾರ್, ರೋಡ್ ಬೈಕಾ?"

ರೋಡ್ ಬೈಕಿನ ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿರುತ್ತದೆ. ಟೈರು ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್ ಅಗಲ, ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ತುಂಬಬೇಕು. ನೋಡಲು ಬಲು ಚೆಂದ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿರುವುದು ಇಂಥ ಸೈಕಲ್ಲುಗಳ ಮೇಲೆ. ಬಗ್ಗಿ ಕೂರುವುದಕ್ಕೆ ಕಾರಣವೂ ಇದೆ. ವೇಗ ಎರಡರಷ್ಟಾದರೆ ಎದುರುಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ಹೋಗುವವರ ಶ್ರಮದಲ್ಲಿ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚು.

ಆದರೆ ಮರಳಿ ಬಂದವರು ನಾವು ಹೋಗುವುದು ಹದಿನೈದರ ವೇಗದಲ್ಲಿ. ಅಲ್ಲಿ ಬಗ್ಗಿದ್ದರಿಂದ ಸಿಗುವ ಲಾಭ ಅತ್ಯಲ್ಪ. ಕುತ್ತಿಗೆಗೆ, ಸೊಂಟಕ್ಕೆ ಬೀಳುವ ಹೊರೆ ಮಾತ್ರ ಪೂರ್ತಿ. ಗೆಳೆಯನ ರೋಡ್ ಬೈಕನ್ನು ನಾನು ಒಂದು ವಾರ ಓಡಿಸಿದೆ. ಹಂಪ್ ಹಾರಿದಾಗಲೆಲ್ಲ ಮಣಿಕಟ್ಟು ಜೋಮು ಹಿಡಿಯುತ್ತಿತ್ತು. ಮಳೆ ಬಿದ್ದ ಮರುದಿನ ನೀರು ತುಂಬಿದ ಗುಂಡಿಯ ಆಳ ತಿಳಿಯದೆ ಇಳಿದು ನಡೆದೆ. ಅನೇಕ ರೋಡ್ ಬೈಕುಗಳಿಗೆ ಕ್ಯಾರಿಯರ್, ಮಡ್‌ಗಾರ್ಡ್ ಹಾಕಿಸಲು ತಾವೇ ಇರುವುದಿಲ್ಲ. ಸೊಪ್ಪು, ಹಾಲು ತರುವುದು ಹೇಗೆ?

ಹೈಬ್ರಿಡ್‌ನ ಹ್ಯಾಂಡಲ್ ನೇರ, ಬೆನ್ನೂ ಹೆಚ್ಚುಕಡಿಮೆ ನೇರ, ಕಣ್ಣು ರಸ್ತೆಯ ಮೇಲೆ. 35ರಿಂದ 42 ಮಿಲಿಮೀಟರ್ ಟೈರು ಕುಲುಕಾಟವನ್ನು ಅರ್ಧ ತಾನೇ ನುಂಗುತ್ತದೆ. ತೂಕ ಎರಡು ಮೂರು ಕಿಲೋ ಹೆಚ್ಚಿರಬಹುದು, ಏರಿನಲ್ಲಿ ಅದು ಗೊತ್ತಾಗುತ್ತದೆ. ಆದರೂ ನಾನು ಹೈಬ್ರಿಡ್ಡನ್ನೇ ತಂದೆ, ನೀವು ಕೇಳಿದರೂ ಅದನ್ನೇ ಹೇಳುತ್ತೇನೆ. ವರ್ಷ ಕಳೆದು, ಭಾನುವಾರಕ್ಕೆ 60 ಕಿಲೋಮೀಟರ್ ಸಾಲದೆನಿಸಿದರೆ ಆಗ ರೋಡ್ ಬೈಕ್ ತೆಗೆದುಕೊಳ್ಳಿ, ಧಾರಾಳವಾಗಿ.

ಯಾವುದೇ ಆಗಲಿ, ಮೊದಲು ಸೀಟಿನ ಎತ್ತರ ನೋಡಿ. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಮಂಡಿ ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮಂಡಿ ನೋವು ಬರುತ್ತದೆ. ನಿಮ್ಮ ಅಳತೆಯ ಸೈಕಲ್ ಇಲ್ಲದಿದ್ದರೆ ಅಂಗಡಿಯವರ ಒತ್ತಾಯಕ್ಕೆ ಬೇರೆ ಅಳತೆಯದು ಬೇಡ. ಗುಂಡಿ, ಹಂಪ್ ಇರುವ ರಸ್ತೆಯಲ್ಲೇ ಹತ್ತು ನಿಮಿಷ ಓಡಿಸಿ ನೋಡದೆ ದುಡ್ಡು ಕೊಡಬೇಡಿ.