ಧರೆಯೊಳಗಿನ ಜೇಡ ಪೊರೆ ಬಿಡುವಾಗ

ಸಿದ್ದಾಪುರ ಕಡೆಯ ಹುಡುಗನೊಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದಾನೆ: "ಅಣ್ಣಾ, ಟರಾಂಟುಲಾ ಸಾಕ್ಬೇಕು ಅಂತ ಆಸೆ. ನಮ್ಮ ತೋಟದ ಧರೆಯಲ್ಲೇ ಒಂದಿದೆ, ಹಿಡಿದು ಡಬ್ಬಿಗೆ ಹಾಕ್ಲಾ?" ಬೇಡ ಮಾರಾಯಾ. ಯಾಕೆ ಅಂತ ಇವತ್ತು ಹೇಳ್ತೀನಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೆಂಪು ಮಣ್ಣಿನ ಧರೆಗಳಲ್ಲಿ ದುಂಡಗಿನ ಬಿಲ, ಬಾಯಿಗೆ ನೂಲು ನೇಯ್ದಿದ್ದು, ಕಂಡ್ರೆ ಅದು ಥ್ರಿಗ್ಮೋಪಿಯಸ್ ಇರಬಹುದು. ಪಶ್ಚಿಮ ಘಟ್ಟದ ಟರಾಂಟುಲಾ. ಇದರ ಎರಡು ಜಾತಿಗಳಿಗೆ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ 1899ರಲ್ಲೇ ಹೆಸರಿಟ್ಟ. ನಮ್ಮೂರಲ್ಲಿ ಮಾತ್ರ ಇವತ್ತಿಗೂ ಬರೀ 'ದೊಡ್ಡ ಜೇಡ'!

ಟರಾಂಟುಲಾದ ಚರ್ಮ ಹಿಗ್ಗೋದಿಲ್ಲ. ಬೆಳೀಬೇಕು ಅಂದ್ರೆ ಪೊರೆ ಬಿಡಲೇಬೇಕು. ಮರಿ ಇದ್ದಾಗ ವರ್ಷಕ್ಕೆ ಹಲವು ಸಲ, ದೊಡ್ಡದಾದ ಮೇಲೆ ವರ್ಷಕ್ಕೊಂದು ಸಲವೋ ಅದಕ್ಕೂ ಅಪರೂಪವೋ. ಮೊದಲು ಊಟ ಬಿಡುತ್ತೆ, ಬಿಲದ ಬಾಯಿಯನ್ನ ನೂಲಿನಿಂದ ಮುಚ್ಚಿಕೊಳ್ಳುತ್ತೆ. ಆಮೇಲೆ ಅಂಗಾತ ಮಲಗುತ್ತೆ. ನೋಡಿದವರು ಸತ್ತೇ ಹೋಯ್ತು ಅಂದ್ಕೊಳ್ತಾರೆ. ಗಂಟೆಗಟ್ಟಲೆ ಒದ್ದಾಡಿ ಹಳೆ ಕೋಟಿನಿಂದ ಎಂಟೂ ಕಾಲು ಎಳ್ಕೊಳ್ಳುತ್ತೆ. ಗಂಟಲಿನ ಒಳಪದರವೂ ಹೊಸದಾಗುತ್ತೆ. ಹಿಂದೆ ಮುರಿದು ಹೋದ ಕಾಲು ಚಿಕ್ಕದಾಗಿ ಮತ್ತೆ ಹುಟ್ಟಿರುತ್ತೆ. ಹಲ್ಲು ಬೆಳ್ಳಗೆ, ಮೆತ್ತಗೆ. ಗಟ್ಟಿಯಾಗೋ ತನಕ ಒಂದು ಇರುವೆಯೂ ಅದನ್ನ ಕೊಲ್ಲಬಹುದು. ಇಂಥ ಹೊತ್ತಲ್ಲಿ ಯಾರಾದ್ರೂ ಬಿಲ ಅಗೆದ್ರೆ ಕತೆ ಮುಗೀತು.

ಗಂಡಿಗೆ ಕೊನೆಯ ಪೊರೆ ಅಂತ ಒಂದಿದೆ. ಅದು ಬಿಟ್ಟ ಮೇಲೆ ಮುಂದಿನ ಪುಟ್ಟ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಥರ ಉಬ್ಬುತ್ತೆ. ಬಿಲ ಬಿಟ್ಟು ಹೆಣ್ಣು ಹುಡುಕ್ತಾ ಹೊರಡುತ್ತೆ, ಹೆಚ್ಚು ದಿನ ಬದುಕೋದಿಲ್ಲ. ರಾತ್ರಿ ಅಂಗಳದಲ್ಲಿ ಹಿಡಿಕಟ್ಟಿಂದ ಹೊಡೆಸ್ಕೊಳ್ಳೋದು ಸಾಮಾನ್ಯವಾಗಿ ಇವನೇ, ಪಾಪ. ಹೆಣ್ಣು ಹಾಗಲ್ಲ. ಪ್ರಾಯಕ್ಕೆ ಬಂದ ಮೇಲೂ ಪೊರೆ ಬಿಡ್ತಾ ಹತ್ತಾರು ವರ್ಷ ಅದೇ ಬಿಲದಲ್ಲಿರಬಲ್ಲಳು. ನಿನ್ನ ತೋಟದ ಧರೆಯಲ್ಲಿ ಇರೋಳು ನಿನ್ನಷ್ಟೇ ವಯಸ್ಸಿನವಳಿರಬಹುದು, ತಮ್ಮಾ. ರಸ್ತೆ ಅಗಲ ಮಾಡೋಕೆ ಜೆಸಿಬಿ ಒಂದು ಧರೆ ಕೆರೆದ್ರೆ ಅಂಥ ಎಷ್ಟೋ ವರ್ಷ ಅರ್ಧ ಗಂಟೇಲಿ ಹೋಗುತ್ತೆ. ಅದರ ಮೇಲೆ ನಾವೂ ಡಬ್ಬಿ ಹಿಡ್ಕೊಂಡು ಹೋಗ್ಬೇಕಾ?

ಮರದ ಪೊಟರೆಯಲ್ಲಿರೋ ಪೊಸಿಲೋಥೀರಿಯಾಗಳನ್ನ ಹೀಗೇ ಹಿಡಿದು ವಿದೇಶಕ್ಕೆ ಮಾರ್ತಿದ್ರು. 2019ರಲ್ಲಿ ಇಡೀ ಕುಲವನ್ನೇ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸ್ಬೇಕಾಯ್ತು. ಇನ್ನೊಂದು ಮಾತು: ರೀಲ್ಸಲ್ಲಿ ಕೈಮೇಲೆ ಬಿಟ್ಕೊಳ್ಳೋದು ಹೆಚ್ಚಾಗಿ ಅಮೆರಿಕ ಖಂಡದ ಜಾತಿಗಳು. ಅವು ತುರಿಸೋ ಕೂದಲು ಉದುರಿಸ್ತವೆ. ನಮ್ಮವಕ್ಕೆ ಆ ಕೂದಲಿಲ್ಲ, ನೇರ ಕಚ್ತವೆ, ಜೋರಾಗಿ ನೋಯುತ್ತೆ.

ಸಾಕೋ ಆಸೆ ತೀರ್ಬೇಕಾ? ಸಂಜೆ ಮಂದ ಟಾರ್ಚ್ ಹಿಡಿದು ಬಿಲದಿಂದ ನಾಲ್ಕು ಮಾರು ದೂರ ಕೂತ್ಕೋ. ಬಾಯಿ ಮುಚ್ಚಿದ್ರೆ ಕಡ್ಡಿ ಹಾಕಿ ಕೆದಕ್ಬೇಡ, ತಾರೀಖು ಬರ್ದಿಟ್ಕೋ. ಅದು ಹೊರಗೆ ತಳ್ಳಿದ ಪೊರೆ ಸಿಕ್ರೆ ಸೋಪಿನ ನೀರಲ್ಲಿ ನೆನೆಸಿ ಹೊಟ್ಟೆಯ ಭಾಗ ಬಿಡಿಸು. ಹೆಣ್ಣಾದ್ರೆ ವೀರ್ಯ ಕೂಡಿಡೋ ಚೀಲದ ಪದರವೂ ಆ ಪೊರೆಯಲ್ಲೇ ಬಂದಿರುತ್ತೆ, ಭೂತಗನ್ನಡಿಯಲ್ಲಿ ಕಾಣುತ್ತೆ. ಫೋಟೋ ತೆಗೆದು ನಂಗೊಂದು ಕಳ್ಸು.