ಮೊದಲ ವಾರದ ಹಣ

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ, ವಿದೇಶಕ್ಕೆ ಓದಲು ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಮನೆಯವರಿಗಾಗಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಹಣ. ಹಣ ಸಂಪಾದಿಸುವ ವಿಷಯವಲ್ಲ, ಅದು ನನಗೂ ಅಷ್ಟಾಗಿ ಬರಲಿಲ್ಲ. ಇದ್ದ ಹಣವನ್ನು ಗಡಿ ದಾಟಿಸುವಾಗ ಸೋರಿ ಹೋಗದಂತೆ ನೋಡಿಕೊಳ್ಳುವುದು ಹೇಗೆ ಎನ್ನುವ ವಿಷಯ. ಬ್ಯಾಂಕಿನ ನನ್ನ ಕೆಲಸದ ಕೊನೆಯ ಹದಿನಾಲ್ಕು ವರ್ಷ ವಿದೇಶಿ ವಿನಿಮಯದ ಕೌಂಟರಿನಲ್ಲೇ ಕಳೆಯಿತು. ಬಳೆ ಅಡವಿಟ್ಟು ಬಂದ ತಾಯಂದಿರನ್ನು ಆ ಕೌಂಟರಿನಲ್ಲಿ ಕಂಡಿದ್ದೇನೆ. ಅವರ ಕೈಯಿಂದ ಬಂದ ಪ್ರತಿ ರೂಪಾಯಿಗೆ ಎಷ್ಟು ಯುರೋ ಸಿಗಬೇಕಿತ್ತು, ಎಷ್ಟು ಸಿಕ್ಕಿತು ಎಂಬುದೂ ನನಗೆ ಗೊತ್ತಿರುತ್ತಿತ್ತು.

ಆದರೆ ಬೇರೆಯವರ ಕತೆಯ ಬದಲು ನನ್ನ ಮನೆಯ ಕತೆಯನ್ನೇ ಮೊದಲು ಹೇಳುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ನನ್ನ ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟ. ಊರಿನ ಮಕ್ಕಳಿಗೆಲ್ಲ ಫಾರೆಕ್ಸ್ ಮಾಡಿಕೊಡುವವನ ಮಗ, ಎಲ್ಲವೂ ಸರಿಯಾಗಿಯೇ ಇರುತ್ತದೆ ಎಂದು ನೆಂಟರೆಲ್ಲ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಶುಕ್ರವಾರ ರಾತ್ರಿ ನಮ್ಮಲ್ಲಿ ಹನ್ನೆರಡೂವರೆ, ಅಲ್ಲಿ ಒಂಬತ್ತು ಗಂಟೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ವೈಫೈಯಿಂದ ವಾಟ್ಸಾಪ್ ಕರೆ ಬಂತು. "ಬಾಪ, ಕಾರ್ಡ್ ತೆಗೆದುಕೊಳ್ಳುತ್ತಿಲ್ಲ." ರೈಲಿನ ಟಿಕೆಟ್ ಯಂತ್ರದಲ್ಲಿ ಗಾಬರಿಯಿಂದ ಫಾರೆಕ್ಸ್ ಕಾರ್ಡಿನ ಪಿನ್ ಮೂರು ಸಲ ತಪ್ಪು ಒತ್ತಿದ್ದ, ಅದು ಲಾಕ್ ಆಗಿತ್ತು. ಎರಡನೆಯದು ಊರಿನ ಬ್ಯಾಂಕಿನ ಡೆಬಿಟ್ ಕಾರ್ಡ್. ಅದರಲ್ಲಿ ವಿದೇಶಿ ಬಳಕೆಯನ್ನು ನಾವು ತೆರೆದೇ ಇರಲಿಲ್ಲ. ಆ್ಯಪಿನಲ್ಲಿ ತೆರೆಯೋಣ ಎಂದರೆ ಒಟಿಪಿ ಬರಬೇಕಾದ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ಖಾತೆಯಲ್ಲಿ ಲಕ್ಷಗಟ್ಟಲೆ ಹಣವಿದೆ, ಹುಡುಗನ ಕೈಯಲ್ಲಿ 60 ಯುರೋ. ಅವನ ಉಮ್ಮ ಪಕ್ಕದಲ್ಲಿ ನಿಂತು ನನ್ನ ಮುಖ ನೋಡಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಅಂದು ರಾತ್ರಿ ಅವನನ್ನು ಕಾಪಾಡಿದ್ದು ನನ್ನ ಬ್ಯಾಂಕ್ ಅನುಭವವಲ್ಲ. ಬೇರೆ ಯಾರನ್ನೋ ಕರೆದೊಯ್ಯಲು ಬಂದಿದ್ದ ಭಟ್ಕಳದ ಹುಡುಗನೊಬ್ಬ ಟಿಕೆಟ್ ತೆಗೆಸಿಕೊಟ್ಟು, ಎರಡು ದಿನ ತನ್ನ ಕೋಣೆಯಲ್ಲಿ ಮಲಗಿಸಿದ. ಎಲ್ಲರಿಗೂ ಅಂಥವರು ಸಿಗುತ್ತಾರೆಂದು ನಂಬಿ ಹೊರಡಬೇಡಿ.

ಈ ಸ್ವಿಚ್ಚಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಿಗೆ ಮಾತ್ರ ತೆರೆದು ಬರುತ್ತವೆ. ವಿದೇಶದ ಬಳಕೆಯನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ನಮ್ಮ ರಕ್ಷಣೆಗಾಗಿಯೇ ಮಾಡಿದ ಒಳ್ಳೆಯ ನಿಯಮ ಇದು. ಆದರೆ ಆ್ಯಪಿನಲ್ಲಿ ಎಟಿಎಂ, ಅಂಗಡಿ, ಆನ್‌ಲೈನ್ ಎಂದು ಬೇರೆ ಬೇರೆ ಇರುತ್ತದೆ. ಒಂದನ್ನು ತೆರೆದು ಎಲ್ಲವೂ ತೆರೆಯಿತೆಂದು ತಿಳಿಯುವವರೇ ಹೆಚ್ಚು. ಹೊರಡುವ ವಾರ ಮನೆಯಲ್ಲಿ ಕೂತು ಮೂರನ್ನೂ ನೋಡಿ, ದಿನದ ಮಿತಿ ಹಾಕಿ. ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರಿಗೆ ಎಸ್ಸೆಮ್ಮೆಸ್ ಬರುವಷ್ಟಾದರೂ ರೋಮಿಂಗ್ ಹಾಕಿಸಿ, ಆ ಸಿಮ್ ಸಾಯದಂತೆ ಊರಿನವರು ರೀಚಾರ್ಜ್ ಮಾಡುತ್ತಿರಿ. ಅಲ್ಲಿನ ಸಿಮ್ ಸಿಕ್ಕಿದ ಕೂಡಲೇ ಊರಿನ ಸಿಮ್ ತೆಗೆದು ಎಲ್ಲೋ ಇಟ್ಟು ಕಳೆದುಕೊಂಡವರು ಬಹಳ ಮಂದಿ. ಎರಡು ಕಾರ್ಡ್ ಎರಡು ಬೇರೆ ಚೀಲದಲ್ಲಿರಲಿ. ಕಾರ್ಡ್ ಕಳೆದರೆ ಕರೆ ಮಾಡಬೇಕಾದ ನಂಬರನ್ನು ಕಾಗದದಲ್ಲಿ ಬರೆದುಕೊಳ್ಳಿ, ಫೋನಿನಲ್ಲಿ ಬರೆದಿಟ್ಟರೆ ಫೋನು ಹೋದ ದಿನ ಅದೂ ಹೋಗುತ್ತದೆ.

ಇನ್ನು ಕೈಯಲ್ಲಿ ಎಷ್ಟು ನಗದು ಬೇಕು? ಜರ್ಮನಿಗೆ ಹೋಗುವವರು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ, ಈ ವರ್ಷದ ನಮ್ಮ ಅರ್ಜಿಗಳಲ್ಲಿ ಆ ದೇಶದ ಹೆಸರು ಬಹಳ ಇದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯುರೋ ಇಡಬೇಕೆಂಬುದು 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕ. ಅಷ್ಟು ದೊಡ್ಡ ಮೊತ್ತ ಕಟ್ಟಿದ ಮೇಲೆ ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಇಳಿದ ದಿನ ಆ ಹಣ ನಿಮ್ಮದಲ್ಲ. ಅಲ್ಲಿ ಸಾಮಾನ್ಯ ಖಾತೆ ತೆರೆದು, ಕಾಗದಪತ್ರ ಕೊಟ್ಟು, ಬ್ಲಾಕ್ಡ್ ಅಕೌಂಟ್ ಚಾಲೂ ಆದ ಮೇಲೆ ತಿಂಗಳಿಗೆ 992 ಯುರೋದಂತೆ ಬಿಡುಗಡೆಯಾಗುತ್ತದೆ. ಇದಕ್ಕೆ ವಾರಗಳೇ ಹಿಡಿಯಬಹುದು. ಅಷ್ಟರೊಳಗೆ ಕೋಣೆಯ ಬಾಡಿಗೆ ಕೇಳುತ್ತಾರೆ, ಜೊತೆಗೆ ಠೇವಣಿ. ಅಲ್ಲಿನ ಕಾನೂನಿನಲ್ಲಿ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಠೇವಣಿ ಕೇಳಲು ಅವಕಾಶವಿದೆ. ಸಾಲ ಮಾಡಿ ಬ್ಲಾಕ್ಡ್ ಅಕೌಂಟ್ ತುಂಬಿದ ಮನೆಯ ಹುಡುಗ ಮೊದಲ ತಿಂಗಳೇ ಗೆಳೆಯರಲ್ಲಿ ಕೈಚಾಚುವುದು ಇದರಿಂದಲೇ.

ಅದಕ್ಕಾಗಿ ಬೇರೆ ಹಣ ಬೇಕು, ಅದರ ದೊಡ್ಡ ಪಾಲು ಫಾರೆಕ್ಸ್ ಕಾರ್ಡಿನಲ್ಲಿರಲಿ. ಹೆಚ್ಚಿನ ದೇಶಗಳಿಗೆ ಹೋಗುವಾಗ ವಿದೇಶಿ ನೋಟಿನ ರೂಪದಲ್ಲಿ 3,000 ಡಾಲರ್ ಬೆಲೆಯಷ್ಟು ಒಯ್ಯಲು ಅನುಮತಿ ಇದೆ. ಅನುಮತಿ ಇದೆ ಎಂದು ಅಷ್ಟನ್ನೂ ಒಯ್ಯಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ 300ರಿಂದ 400 ಯುರೋ ನಗದು ಸಾಕು. ಅದು 10, 20, 50ರ ನೋಟುಗಳಲ್ಲಿರಲಿ. 500ರ ನೋಟು ಕೊಟ್ಟರೆ ಬೇಡವೆನ್ನಿ. ಅದು ಇನ್ನೂ ಚಲಾವಣೆಯಲ್ಲಿದ್ದರೂ 2019ರಿಂದ ಹೊಸದಾಗಿ ಬಿಡುತ್ತಿಲ್ಲ, ಸಣ್ಣ ಅಂಗಡಿಯವರು ಮುಟ್ಟುವುದಿಲ್ಲ. ಜರ್ಮನಿಯಲ್ಲಿ ಬೇಕರಿ, ಸಣ್ಣ ಹೋಟೆಲುಗಳಲ್ಲಿ ಈಗಲೂ ನಗದೇ ಕೇಳುವುದುಂಟು. ಕೆಲವು ಕಡೆ ಅವರ ದೇಶದ ಬ್ಯಾಂಕ್ ಕಾರ್ಡನ್ನಷ್ಟೇ ಒಪ್ಪುತ್ತಾರೆ, ನಮ್ಮದನ್ನಲ್ಲ. ನಗದು ಕೈಚೀಲದಲ್ಲಿರಲಿ, ವಿಮಾನಕ್ಕೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಹಿಂದಿರುಗುವ ದಿನಕ್ಕೆ ಸ್ವಲ್ಪ ನಮ್ಮ ರೂಪಾಯಿಯೂ ಇರಲಿ, 25,000ದವರೆಗೆ ಒಯ್ಯಬಹುದು.

ಕೊಳ್ಳುವುದು ಎಲ್ಲಿ? ಬ್ಯಾಂಕಿನಲ್ಲಿ ಅಥವಾ ಪರವಾನಗಿ ಇರುವ ಮನಿ ಚೇಂಜರಿನಲ್ಲಿ. ವಿಮಾನ ನಿಲ್ದಾಣದ ಕೌಂಟರಿನಲ್ಲಂತೂ ಬೇಡ, ಅಲ್ಲಿಗೆ ಬಂದವನಿಗೆ ಬೇರೆ ದಾರಿಯಿಲ್ಲವೆಂದು ಅವರಿಗೆ ಗೊತ್ತು. ಪ್ರಯಾಣಕ್ಕೆ 60 ದಿನ ಮೊದಲೇ ಕೊಳ್ಳಲು ಅವಕಾಶವಿದೆ. 50,000 ರೂಪಾಯಿಗಿಂತ ಹೆಚ್ಚಿನದಕ್ಕೆ ನಗದು ಕೊಡುವಂತಿಲ್ಲ, ಖಾತೆಯಿಂದಲೇ ಪಾವತಿಯಾಗಬೇಕು. ಎರಡು ಮೂರು ಕಡೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ: "ಸಾವಿರ ಯುರೋ ಬೇಕು, ಎಲ್ಲ ಸೇರಿ ಎಷ್ಟು ರೂಪಾಯಿ ಕೊಡಬೇಕು?" ದರ ಎಷ್ಟು ಎಂದು ಮಾತ್ರ ಕೇಳಬೇಡಿ. "ಕಮಿಷನ್ ಇಲ್ಲ" ಎಂದು ಬೋರ್ಡು ಹಾಕಿದವರು ದರದಲ್ಲೇ ತೆಗೆದುಕೊಂಡಿರುತ್ತಾರೆ. ಲೆಕ್ಕಕ್ಕೆ ಸುಲಭವಾಗಲೆಂದು ಯುರೋಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಒಬ್ಬರು 101.50ಕ್ಕೆ ಕೊಟ್ಟು ಇನ್ನೊಬ್ಬರು 105ಕ್ಕೆ ಕೊಟ್ಟರೆ ಸಾವಿರ ಯುರೋದಲ್ಲಿ 3,500 ರೂಪಾಯಿ ವ್ಯತ್ಯಾಸ. ಜಿಎಸ್‌ಟಿಯ ಹೆಸರಿನಲ್ಲೂ ಹೆದರಿಸುತ್ತಾರೆ. ಒಂದು ಲಕ್ಷ ರೂಪಾಯಿಯ ವಿನಿಮಯಕ್ಕೆ ಜಿಎಸ್‌ಟಿ 180 ರೂಪಾಯಿ ಮಾತ್ರ. ರಸೀದಿ ಕೇಳಿ ಪಡೆಯಿರಿ, ಉಳಿದ ನೋಟನ್ನು ಹಿಂದಿರುಗಿಸುವಾಗ ಬೇಕಾಗುತ್ತದೆ.

ಇನ್ನೊಂದು ಮಾತನ್ನು ಮಕ್ಕಳು ಬಾಯಿಪಾಠ ಮಾಡಬೇಕು. ಅಲ್ಲಿನ ಅಂಗಡಿಯ ಯಂತ್ರ ಅಥವಾ ಎಟಿಎಂ ನಿಮ್ಮ ಕಾರ್ಡ್ ಭಾರತದ್ದೆಂದು ಗುರುತಿಸಿ ಬಹಳ ಮರ್ಯಾದೆಯಿಂದ ಕೇಳುತ್ತದೆ, ರೂಪಾಯಿಯಲ್ಲಿ ಪಾವತಿಸುತ್ತೀರಾ, ಯುರೋದಲ್ಲಾ? ರೂಪಾಯಿ ನಮಗೆ ಗೊತ್ತಿರುವ ಹಣ, ಕೈ ಅದನ್ನೇ ಒತ್ತುತ್ತದೆ. ಒತ್ತಬೇಡಿ. 200 ಯುರೋ ತೆಗೆಯುವಾಗ ಯಂತ್ರ ತನ್ನದೇ ದರ ಹಾಕಿ 21,800 ರೂಪಾಯಿ ತೋರಿಸಬಹುದು. ಯುರೋ ಎಂದು ಒತ್ತಿದರೆ ನಮ್ಮ ಬ್ಯಾಂಕ್ ಶೇಕಡಾ ಮೂರೂವರೆ ಹೆಚ್ಚುವರಿ ತೆಗೆದುಕೊಂಡರೂ 20,700ರ ಸುಮಾರಿಗೆ ಮುಗಿಯುತ್ತದೆ. ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಆರಿಸಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ, ಬಡ್ಡಿ ಅಂದಿನಿಂದಲೇ ಓಡತೊಡಗುತ್ತದೆ. ಯುರೋ ತುಂಬಿದ ಫಾರೆಕ್ಸ್ ಕಾರ್ಡನ್ನು ದಾರಿಯಲ್ಲಿ ದುಬೈಯಲ್ಲಿ ಚಹಾ ಕುಡಿಯಲು ತೆಗೆಯಬೇಡಿ. ದಿರ್ಹಂಗೆ ಬದಲಾಗುವಾಗ ಅಲ್ಲೂ ಕಡಿತವಿದೆ.

(ಉಮ್ರಾಕ್ಕೆ ಹೋಗುವವರೂ ಇಲ್ಲಿದ್ದೀರಿ. "ರಿಯಾಲ್ ನಾಳೆ ಏರುತ್ತದೆ" ಎಂದು ಯಾರಾದರೂ ಅವಸರ ಮಾಡಿಸಿದರೆ ನಗಬಹುದು. 1986ರಿಂದ ಡಾಲರಿಗೆ 3.75 ರಿಯಾಲ್ ಎಂದೇ ನಿಂತಿದೆ. ಏರಿಳಿಯುವುದು ನಮ್ಮ ರೂಪಾಯಿ.)

ಶುಲ್ಕ ಕಳುಹಿಸುವ ವಿಷಯ. ಬ್ಯಾಂಕಿನ ಫಾರ್ಮಿನಲ್ಲಿ ಖರ್ಚು ಯಾರದ್ದು ಎಂಬ ಒಂದು ಸಣ್ಣ ಖಾನೆ ಇರುತ್ತದೆ. ಹಂಚಿಕೊಳ್ಳುವುದು ಎಂದು ಗುರುತು ಹಾಕಿದರೆ ನಡುವಿನ ಬ್ಯಾಂಕು ಹದಿನೈದಿಪ್ಪತ್ತು ಯುರೋ ಮುರಿದುಕೊಂಡೇ ದಾಟಿಸುತ್ತದೆ. ವಿಶ್ವವಿದ್ಯಾಲಯಕ್ಕೆ ಪೂರ್ತಿ ಶುಲ್ಕ ಮುಟ್ಟುವುದಿಲ್ಲ. 18 ಯುರೋ ಕಡಿಮೆ ಬಿದ್ದು ದಾಖಲಾತಿ ನಿಂತು, ಅದಕ್ಕಾಗಿ ಮತ್ತೊಮ್ಮೆ ಸಾವಿರಾರು ರೂಪಾಯಿ ಖರ್ಚು ಮಾಡಿದ ಹೆಣ್ಣುಮಗಳೊಬ್ಬಳ ಕಾಗದಗಳನ್ನು ನಾನೇ ನೋಡಿದ್ದೇನೆ. ಖರ್ಚೆಲ್ಲ ಕಳುಹಿಸುವವರದ್ದೇ ಎಂದು ಗುರುತು ಹಾಕಿಸಿ.

ಒಂದು ಆರ್ಥಿಕ ವರ್ಷದಲ್ಲಿ ಒಬ್ಬರ ಪ್ಯಾನ್‌ನಲ್ಲಿ ಕಳುಹಿಸಿದ್ದು 10 ಲಕ್ಷ ದಾಟಿದರೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 7 ಲಕ್ಷವಿತ್ತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ ಈಗ ಟಿಸಿಎಸ್ ಇಲ್ಲ. ಹಿಡಿದದ್ದು ಕಳೆದುಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಹಿಂದಕ್ಕೆ ಬರುತ್ತದೆ. ಆದರೆ ನಮ್ಮಲ್ಲಿ ಅನೇಕರು ತಾಯಿಯ ಖಾತೆಯಿಂದ ಕಳುಹಿಸುತ್ತಾರೆ, ತಾಯಿ ರಿಟರ್ನ್ ಸಲ್ಲಿಸುವುದಿಲ್ಲ, ಹಣ ಅಲ್ಲೇ ಉಳಿಯುತ್ತದೆ. ಅಂಥವರು ದಯವಿಟ್ಟು ಸಲ್ಲಿಸಿ.

ತಂದೆ ಗಲ್ಫಿನಲ್ಲಿರುವ ಮನೆಗಳಿಗೆ ಒಂದು ಮಾತು. ದಿರ್ಹಂ ಊರಿಗೆ ಬಂದು ರೂಪಾಯಿಯಾಗಿ, ಮತ್ತೆ ಯುರೋ ಆಗಿ ಹೋದರೆ ಎರಡು ಕಡೆ ಕಡಿತ. ಅಲ್ಲಿಂದಲೇ ನೇರವಾಗಿ ಮಗುವಿನ ಯುರೋ ಖಾತೆಗೆ ಕಳುಹಿಸಿದರೆ ಎಷ್ಟಾಗುತ್ತದೆ ಎಂದು ಒಮ್ಮೆ ವಿಚಾರಿಸಿ. ಇಷ್ಟು ಸರಳವಾದದ್ದನ್ನು ನಾನು ಹೇಳಬೇಕೇ ಎಂದುಕೊಳ್ಳಬಹುದು. ವರ್ಷಗಟ್ಟಲೆ ಎರಡು ಸಲ ಕಳೆದುಕೊಂಡ ಮನೆಗಳನ್ನು ಕಂಡೇ ಹೇಳುತ್ತಿದ್ದೇನೆ.

ಕೊನೆಯದು ಕಹಿ ವಿಷಯ. ಅಲ್ಲಿ ಯಾರಾದರೂ ಬಂದು, "ನನಗೆ ಇಲ್ಲಿ ಯುರೋ ಕೊಡು, ನಿನ್ನ ಮನೆಗೆ ಊರಿನಲ್ಲಿ ರೂಪಾಯಿ ಮುಟ್ಟಿಸುತ್ತೇನೆ, ದರ ಬ್ಯಾಂಕಿಗಿಂತ ಒಳ್ಳೆಯದು" ಎನ್ನುತ್ತಾರೆ. ನಮ್ಮ ಕಡೆ ಹುಂಡಿ ಎಂಬ ಪದ ಹೊಸದಲ್ಲ, ಹಾಗಾಗಿ ತಪ್ಪೆಂದೇ ಅನಿಸುವುದಿಲ್ಲ. ಅದು ಫೆಮಾ ಕಾಯ್ದೆಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಖಾತೆಗೆ ಬೀಳುವ ಹಣ ಯಾರನ್ನು ವಂಚಿಸಿ ತಂದದ್ದೆಂದು ನಿಮಗೆ ತಿಳಿಯುವುದಿಲ್ಲ. ವಂಚಿತರು ದೂರು ಕೊಟ್ಟಾಗ ಪೊಲೀಸರು ಹಿಡಿಯುವುದು ಖಾತೆಯ ಹೆಸರನ್ನು. ಖಾತೆ ಸ್ಥಗಿತವಾಗುತ್ತದೆ, ವೀಸಾ ನವೀಕರಣದ ಹೊತ್ತಿಗೆ ಅದೇ ಮುಂದೆ ಬಂದು ನಿಲ್ಲುತ್ತದೆ. ಒಂದು ಸಾವಿರ ರೂಪಾಯಿ ಉಳಿತಾಯಕ್ಕೆ ಎರಡು ವರ್ಷದ ಓದನ್ನು ಒತ್ತೆ ಇಡಬೇಡಿ. ಊರಿನವನೇ ಆಗಲಿ, ನೆಂಟನೇ ಆಗಲಿ, ನಿಮ್ಮ ಕಾರ್ಡನ್ನೂ ಖಾತೆಯನ್ನೂ ಕೊಡಬೇಡಿ. ಕೊಡಲು ಸಂಕೋಚವಾದರೆ, "ನಮ್ಮ ಟ್ರಸ್ಟಿನವರು ಲೆಕ್ಕ ಕೇಳುತ್ತಾರೆ" ಎಂದು ನಮ್ಮ ಮೇಲೆ ಹಾಕಿಬಿಡಿ.

ದಾನಿಗಳಲ್ಲಿ ಒಂದು ವಿನಂತಿ. ನಾವು ಈವರೆಗೆ ಶುಲ್ಕಕ್ಕೆ ಮಾತ್ರ ನೆರವು ಕೊಡುತ್ತಿದ್ದೆವು. ಮೊದಲ ಆರು ವಾರಗಳ ಬಾಡಿಗೆ ಮತ್ತು ಠೇವಣಿಗಾಗಿ ಹಿಂದಿರುಗಿಸುವ ಸಾಲದ ಒಂದು ಸಣ್ಣ ನಿಧಿ ಇರಲಿ ಎಂದು ಸಮಿತಿಯ ಮುಂದೆ ಇಟ್ಟಿದ್ದೇನೆ. ಬ್ಲಾಕ್ಡ್ ಅಕೌಂಟ್ ತೆರೆದುಕೊಂಡ ಮೇಲೆ ಮಕ್ಕಳು ಕಂತಿನಲ್ಲಿ ಮರಳಿಸಬಹುದು, ಅದೇ ಹಣ ಮುಂದಿನ ವರ್ಷ ಇನ್ನೊಬ್ಬರಿಗೆ ಹೋಗುತ್ತದೆ.

ಊಟದ ನಂತರ ನಾನು ಸಭಾಂಗಣದ ಬಾಗಿಲ ಬಳಿಯ ಮೇಜಿನಲ್ಲಿ ಕೂತಿರುತ್ತೇನೆ. ಈ ತಿಂಗಳು, ಮುಂದಿನ ತಿಂಗಳು ಹೊರಡುವ ಮಕ್ಕಳು ಕಾರ್ಡು, ಫೋನು ಎರಡನ್ನೂ ತನ್ನಿ. ಪಿನ್ ನನಗೆ ಹೇಳಬೇಡಿ. ಸ್ವಿಚ್ಚು ಮೂರೂ ತೆರೆದಿವೆಯೇ ಎಂದು ಜೊತೆಗೇ ನೋಡೋಣ.