ನಲವತ್ತೆರಡು ಸಾಮಾನು, ಮೂವತ್ತೈದು ಖಾನೆ
(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)

‘ಐಟಿ ಅಂತೀರಿ, ದಿನವಿಡೀ ಕೂತು ಮಾಡೋದೇನು?’ ಎಂದು ನಮ್ಮ ಸಂಘದ ಹಿರಿಯರು ಆಗಾಗ ಕೇಳುತ್ತಾರೆ. ಅದಕ್ಕೇ ಇವತ್ತು ಎಐ, ಕ್ಲೌಡ್ ಎಲ್ಲ ಬಿಟ್ಟು, ಒಂದು ಸಣ್ಣ ತೊಡಕನ್ನು ಬಿಡಿಸಿದ ಕಥೆ ಹೇಳುತ್ತೇನೆ.

ಬ್ಯಾಂಕು, ವಿಮಾ ಕಚೇರಿಗಳಲ್ಲಿ ಕೆಲಸ ಮಾಡಿದವರು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಕಂಡಿರುತ್ತೀರಿ. ಹಲವು ಕಡೆ ಅದರ ಹಿಂದಿದ್ದದ್ದು ಎಎಸ್/400. ಐಬಿಎಂ 1988ರಲ್ಲಿ ತಂದ ಮಧ್ಯಮ ಗಾತ್ರದ ಯಂತ್ರ. ಹೆಸರು ಬದಲಾಗುತ್ತಾ ಈಗ ಐಬಿಎಂ ಐ ಆಗಿದೆ. ಅದರ ಮೇಲೆ ಆರ್‌ಪಿಜಿ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂಗಳು ಇವತ್ತಿಗೂ ಲೆಕ್ಕ ತಪ್ಪದೆ ದುಡಿಯುತ್ತಿವೆ. ಅವನ್ನು ಕಿತ್ತೆಸೆಯಬೇಕು ಎನ್ನುವವರ ಜೊತೆ ನನಗೆ ಸಹಮತವಿಲ್ಲ.

ನಾನು ಕೆಲಸ ಮಾಡಿದ ಒಂದು ವಿಮಾ ಯೋಜನೆಯಲ್ಲಿ ಕುಟುಂಬದ ಆರೋಗ್ಯ ಪಾಲಿಸಿಗೆ ಪ್ರೀಮಿಯಂ ಲೆಕ್ಕ ಹಾಕುವ ಇಂಥದೊಂದು ಪ್ರೋಗ್ರಾಂ ಇತ್ತು. ಹೊಸ ವೆಬ್‌ಸೈಟು ಜಾವಾದಲ್ಲಿ. ಜಾವಾ ಇದನ್ನು ಕರೆದು ಉತ್ತರ ತರಬೇಕು. ಕರೆಯುವಾಗ ಕೊಡುವ ಒಂದೊಂದು ಮಾಹಿತಿಗೂ ಪ್ಯಾರಾಮೀಟರ್ ಎನ್ನುತ್ತೇವೆ. ಹಳೆಯ ಪ್ರೋಗ್ರಾಂ ಕೇಳುತ್ತಿದ್ದದ್ದು 42. ಜಾವಾ ಟೂಲ್‌ಬಾಕ್ಸಿನ ಪ್ರೋಗ್ರಾಂಕಾಲ್ ಎಂಬ ಸೌಲಭ್ಯ, ನಮ್ಮಲ್ಲಿದ್ದ ಆವೃತ್ತಿಯಲ್ಲಿ, ಒಪ್ಪುತ್ತಿದ್ದದ್ದು 35 ಮಾತ್ರ. ಅದರ ತಂಗಿ ಸರ್ವಿಸ್‌ಪ್ರೋಗ್ರಾಂಕಾಲ್ ಇನ್ನೂ ಬಿಗಿ, ಬರೀ 7. ನಮ್ಮ ಮಸಾಲೆ ಡಬ್ಬಿಯ ಬಟ್ಟಲುಗಳಷ್ಟೇ!

ಮೊದಲು ಬಂದ ಸಲಹೆ, ಎರಡು ಸಲ ಕರೆಯೋಣ, ಅರ್ಧರ್ಧ ಕೊಡೋಣ ಎಂದು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಮೊದಲ ಕರೆ ಮುಗಿದು ಎರಡನೆಯದು ಬಿದ್ದುಹೋದರೆ ಯಾರ ಅರ್ಧ ಯಾರಿಗೆ ಸೇರೀತು? ಹಳೆಯ ಪ್ರೋಗ್ರಾಮನ್ನೇ ತಿದ್ದೋಣವೆಂದರೆ, ರಾತ್ರಿಯ ಬ್ಯಾಚ್ ಕೆಲಸ, ಹಸಿರು ಪರದೆಯ ಮೆನು ಎಲ್ಲವೂ ಅದನ್ನೇ ಅದೇ 42ರ ಜೊತೆ ಕರೆಯುತ್ತಿದ್ದವು. ಅದನ್ನು ಮುಟ್ಟುವಂತಿರಲಿಲ್ಲ.

ಆ 42ರ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡಾಗ ಗುಟ್ಟು ತಿಳಿಯಿತು. ನಾಲ್ಕು ಜನ ಸದಸ್ಯರು. ಒಬ್ಬೊಬ್ಬರಿಗೂ ಹೆಸರು, ಹುಟ್ಟಿದ ದಿನ, ಲಿಂಗ, ಸಂಬಂಧ, ವಿಮಾ ಮೊತ್ತ, ಪ್ರೀಮಿಯಂ ಎಂದು ಆರು. ಅಲ್ಲಿಗೇ 24. ಉಳಿದ 18 ಪಾಲಿಸಿಯ ವಿವರ. ಅಂದರೆ ನಿಜವಾಗಿ ಇದ್ದದ್ದು ಒಂದು ಪಾಲಿಸಿ ಮತ್ತು ಅದರೊಳಗೊಂದು ಕುಟುಂಬ.

ಮುಂಬೈಯವರಿಗೆ ಇದನ್ನು ವಿವರಿಸುವುದು ಸುಲಭ. ಡಬ್ಬಾವಾಲಾ ನಿಮ್ಮ ಅನ್ನ, ಸಾರು, ಪಲ್ಯಗಳನ್ನು ಬೇರೆ ಬೇರೆ ಎಣಿಸುವುದಿಲ್ಲ. ಅವನಿಗೆ ಅದು ಒಂದು ಡಬ್ಬಿ. ನಾವೂ ಹಾಗೇ ಮಾಡಿದೆವು. ಎಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿ ಒಂದೇ ಡೇಟಾ ಸ್ಟ್ರಕ್ಚರ್ ಮಾಡಿದೆವು. ಜಾವಾ ಕಡೆ ಇದಕ್ಕೆ ಎಎಸ್400ಸ್ಟ್ರಕ್ಚರ್ ಎಂಬ ಸಿದ್ಧ ಕ್ಲಾಸ್ ಇದೆ. ಆ ಕಡೆ ಆರ್‌ಪಿಜಿಯಲ್ಲೇ ಒಂದು ಪುಟ್ಟ ಪ್ರೋಗ್ರಾಂ ಬರೆದೆವು: ಡಬ್ಬಿ ಬಿಚ್ಚಿ, ಹಳೆಯ ಪ್ರೋಗ್ರಾಮನ್ನು ಅದರ 42ರ ಜೊತೆಗೇ ಕರೆದು, ಉತ್ತರವನ್ನು ಇನ್ನೊಂದು ಡಬ್ಬಿಯಲ್ಲಿ ಕಟ್ಟಿ ಕಳಿಸುವುದು. ಆ ಯಂತ್ರದ ಒಳಗೆ ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯಲು 35ರ ಕಟ್ಟುಪಾಡಿಲ್ಲ. ಜಾವಾಗೆ ಉಳಿದದ್ದು ಎರಡೇ ಪ್ಯಾರಾಮೀಟರ್.

ಇನ್ನೊಂದು ದಾರಿಯೂ ಇದೆ. ಹಳೆಯ ಪ್ರೋಗ್ರಾಮನ್ನು ಡೇಟಾಬೇಸಿನಲ್ಲಿ ಸ್ಟೋರ್ಡ್ ಪ್ರೊಸೀಜರ್ ಎಂದು ನೋಂದಾಯಿಸಿ ಎಸ್‌ಕ್ಯೂಎಲ್ ಮೂಲಕ ಕರೆಯುವುದು. ಅಲ್ಲಿ 42 ಸಲೀಸಾಗಿ ಹೋಗುತ್ತವೆ. ಬಿಡಿಬಿಡಿ ಮಾಹಿತಿಯಾದರೆ ನಾನೂ ಅದನ್ನೇ ಆರಿಸುತ್ತೇನೆ. ಕುಟುಂಬದಂತೆ ಮತ್ತೆ ಮತ್ತೆ ಬರುವ ಸಾಲುಗಳಿದ್ದರೆ ಡಬ್ಬಿಯೇ ಮೇಲು.

ಆದರೆ ಡಬ್ಬಿಗೆ ಒಂದು ಅಪಾಯವಿದೆ. ಬಿಡಿ ಪ್ಯಾರಾಮೀಟರ್ ಎಣಿಕೆಯಲ್ಲಿ ತಪ್ಪಿದರೆ ಸಾಮಾನ್ಯವಾಗಿ ಬೇಗ ಸಿಕ್ಕಿಬೀಳುತ್ತದೆ. ಡಬ್ಬಿಯೊಳಗೆ ಯಾವುದು ಎಲ್ಲಿದೆ ಎಂಬುದು ಬರೀ ನಂಬಿಕೆ. ಆ ಯಂತ್ರ ಅಕ್ಷರಗಳನ್ನು ಇಬಿಸಿಡಿಕ್ ಪದ್ಧತಿಯಲ್ಲಿಡುತ್ತದೆ. ಇಂಗ್ಲಿಷಿನ ದೊಡ್ಡ ‘ಎ’ಗೆ ಜಾವಾದಲ್ಲಿ 65, ಅಲ್ಲಿ 193. ಹಣವನ್ನು ಪ್ಯಾಕ್ಡ್ ಡೆಸಿಮಲ್ ಆಗಿ ಇಡುತ್ತದೆ: ಒಂದು ಬೈಟಿನಲ್ಲಿ ಎರಡು ಅಂಕಿ, ಕೊನೆಯ ಅರ್ಧ ಬೈಟು ಕೂಡುವ ಅಥವಾ ಕಳೆಯುವ ಚಿಹ್ನೆಗೆ. ಒಂಬತ್ತು ಅಂಕಿಗೆ ಐದು ಬೈಟು. ಗಮನಿಸಿ, ದಶಮಾಂಶ ಚುಕ್ಕೆಗೆ ಜಾಗವೇ ಇಲ್ಲ! ಅದು ಎಲ್ಲಿದೆ ಎಂಬುದು ಓದುವ ಪ್ರೋಗ್ರಾಮಿಗೆ ಗೊತ್ತಿರಬೇಕು, ಅಷ್ಟೇ.

ನಾಲ್ಕನೆಯ ಸದಸ್ಯರಿಲ್ಲದ ಮನೆಯಲ್ಲಿ ಆ ಖಾನೆಗೆ ಸೊನ್ನೆಯ ಬದಲು ಖಾಲಿ ಅಕ್ಷರ ತುಂಬಿದರೆ, ಲೆಕ್ಕಕ್ಕೆ ಬಂದಾಗ ಯಂತ್ರ ಎಂಸಿಎಚ್1202 ಎಂದು ದೂರಿ ನಿಂತುಬಿಡುತ್ತದೆ. ನಿಂತರೆ ಒಳ್ಳೆಯದೇ. ಒಂದು ಕಡೆ ಎರಡು ದಶಮಾಂಶ ಎಂದು ಬರೆದು, ಇನ್ನೊಂದು ಕಡೆ ದಶಮಾಂಶವಿಲ್ಲ ಎಂದು ಓದಿದರೆ ಯಂತ್ರ ತುಟಿ ಬಿಚ್ಚುವುದಿಲ್ಲ. ಎರಡೂ ಐದೇ ಬೈಟು. 12,500 ರೂಪಾಯಿ 12,50,000 ಆಗಿರುತ್ತದೆ. ಯಾರದೋ ಮನೆಯ ಪ್ರೀಮಿಯಂ ಅದು. ಅದಕ್ಕೇ ನಮ್ಮ ಪರೀಕ್ಷೆಯಲ್ಲಿ ಪೈಸೆ ಇರುವ ಮೊತ್ತ, ಮೈನಸ್ ಮೊತ್ತ, ಒಬ್ಬರೇ ಇರುವ ಮನೆ, ನಾಲ್ವರೂ ಇರುವ ಮನೆ, ಎಲ್ಲವನ್ನೂ ಹಸಿರು ಪರದೆಯ ಉತ್ತರದೊಂದಿಗೆ ಪೈಸೆಗೆ ಪೈಸೆ ತಾಳೆ ನೋಡಿದೆವು. ಡಬ್ಬಿಯ ಮೊದಲಿಗೆ ಆವೃತ್ತಿ ಸಂಖ್ಯೆ ಇಟ್ಟೆವು. ಹೊಸ ಖಾನೆ ಬೇಕಾದರೆ ಕೊನೆಯಲ್ಲೇ ಸೇರಿಸಬೇಕು, ನಡುವೆ ತುರುಕುವಂತಿಲ್ಲ ಎಂದು ನಿಯಮ ಮಾಡಿದೆವು.

ಕೆಲಸ ಬಿಟ್ಟು ಕೆಲವು ವರ್ಷವಾಗಿ ಮತ್ತೆ ಸೇರಬೇಕೆನ್ನುವವರು ಇಲ್ಲಿದ್ದೀರಿ. ಆರ್‌ಪಿಜಿ ಹೆಸರು ಕೇಳಿ ಹೆದರಬೇಡಿ. ಅದನ್ನು ಬಲ್ಲವರು ನಿವೃತ್ತರಾಗುತ್ತಿದ್ದಾರೆ, ಓದಿ ಅರ್ಥ ಮಾಡಿಕೊಳ್ಳುವವರು ಬೇಕಾಗಿದ್ದಾರೆ.

ಮೊನ್ನೆ ಒಬ್ಬರು, ‘ಹಾಗಾದರೆ ಐದನೆಯವರಾಗಿ ಅತ್ತೆಯನ್ನೂ ಸೇರಿಸಬಹುದಲ್ಲ?’ ಎಂದು ಕೇಳಿದರು. ಡಬ್ಬಿಯಲ್ಲಿ ಜಾಗ ಮಾಡಬಹುದು. ಒಳಗಿನ ಹಳೆಯ ಪ್ರೋಗ್ರಾಂ ಮಾತ್ರ ಇನ್ನೂ ನಾಲ್ವರನ್ನೇ ಎಣಿಸುತ್ತದೆ. ಅದನ್ನು ತಿದ್ದುವ ಕೆಲಸ ಬಾಕಿಯಿದೆ.

ಪ್ರಶ್ನೆಗಳಿದ್ದರೆ ಚಹಾ ಹೊತ್ತಿಗೆ ಸಿಗುತ್ತೇನೆ.